ಎಲ್ಲರಿಗೂ 8.8

ನಮ್ಮ ಆಫೀಸಿನಲ್ಲಿ ಯಾರಾದರೂ 8.8 ಅಂದರೆ ಈಗಲೂ ಎಲ್ಲರೂ ನನ್ನ ಕಡೆ ತಿರುಗಿ ನೋಡುತ್ತಾರೆ. ಬ್ಯಾಟರಿ ವೋಲ್ಟೇಜ್ 8.8 ಬಂತು ಅಂದರೂ ಅಷ್ಟೇ. ಈ ಅಂಕಿ ನನಗೆ ಹೇಗೆ ಅಂಟಿಕೊಂಡಿತು ಅಂತ ಒಮ್ಮೆ ಬರೆದು ಮುಗಿಸಿಬಿಡುತ್ತೇನೆ.

ನಾವು ಪೀಣ್ಯದಲ್ಲಿ ಹಾಲಿನ ಡೇರಿಗಳಿಗೆ ಬಾಕ್ಸ್ ಮಾಡುವವರು. ಲೀಟರ್ ಎಷ್ಟು, ಫ್ಯಾಟ್ ಎಷ್ಟು ಅಂತ ಹಾಲು ಹಾಕುವವರಿಗೆ ತೋರಿಸುವ ಡಿಸ್ಪ್ಲೇ ಮುಂದಿನ ಪ್ಯಾನೆಲ್‌ನಲ್ಲಿರುತ್ತದೆ. ಹಳೆ ಮಾಡೆಲ್‌ನಲ್ಲಿ ಅದು ಕೆಂಪು ಎಲ್‌ಇಡಿ. ಎಲ್ಲಿಂದ ನೋಡಿದರೂ ಕಾಣುತ್ತಿತ್ತು, ಆದರೆ ಕರೆಂಟ್ ಹೋದಾಗ ಬ್ಯಾಟರಿಯನ್ನು ಗಟಗಟ ಕುಡಿಯುತ್ತಿತ್ತು. ಎಲ್‌ಸಿಡಿ ಗ್ಲಾಸ್ ಕುಡಿಯುವುದು ಮೈಕ್ರೋ ಆಂಪ್ ಲೆಕ್ಕದಲ್ಲಿ. "ಎಲ್‌ಸಿಡಿ ಹಾಕಿ, ಬ್ಯಾಟರಿ ಚಿಕ್ಕದು ಮಾಡಿ, ಬಿಓಎಂ (ಪಾರ್ಟ್‌ಗಳ ಖರ್ಚು) ಇಳಿಸಿ" ಅಂತ ಮೇಲಿಂದ ಬಂತು. ಇಳಿಸುವ ಭರದಲ್ಲಿ ಕಾಂಟ್ರಾಸ್ಟ್ ಹೆಚ್ಚು ಕಡಿಮೆ ಮಾಡಲು ಸ್ಕ್ರೂಡ್ರೈವರ್‌ನಲ್ಲಿ ತಿರುಗಿಸುವ ಪ್ರಿಸೆಟ್ಟನ್ನೂ ಕಿತ್ತರು. ಒಂದು ಪುಡಿಗಾಸಿನ ಪಾರ್ಟ್. ಇನ್ನು ಕಾಂಟ್ರಾಸ್ಟ್ ಎಲ್ಲ ಬಾಕ್ಸ್ ಒಳಗಿನ ಪ್ರೋಗ್ರಾಂನಲ್ಲೇ, ಅಂದರೆ ಫರ್ಮ್‌ವೇರ್‌ನಲ್ಲೇ, ಅಂದರೆ ಲ್ಯಾಪ್‌ಟಾಪ್ ಇದ್ದವನ ಕೈಯಲ್ಲಿ.

ಗ್ಲಾಸ್ ಆರ್ಡರ್ ಫಾರ್ಮ್‌ನಲ್ಲಿ ಒಂದು ಸಾಲು ಇತ್ತು. ವ್ಯೂಯಿಂಗ್ ಡೈರೆಕ್ಷನ್: 6 ಗಂಟೆಯೋ, 12 ಗಂಟೆಯೋ? ಡಿಸ್ಪ್ಲೇಯನ್ನು ಗಡಿಯಾರದ ಮುಖ ಅಂದುಕೊಳ್ಳಿ. ನೋಡುವವರ ಕಣ್ಣು ಕೆಳಗಿನ ಅಂಚಿನ ಕಡೆ ಇದ್ದರೆ 6, ಮೇಲಿನ ಅಂಚಿನ ಕಡೆ ಇದ್ದರೆ 12. ಮೇಜಿನ ಮೇಲೆ ಮಲಗಿರುವ ಕ್ಯಾಲ್ಕುಲೇಟರ್‌ಗೆ 6 ಬೇಕು. ನಾನು ನಮ್ಮದೇ ಒಂದು ಟೇಬಲ್ ಮಾಡೆಲ್‌ನ ಡ್ರಾಯಿಂಗ್ ಕಾಪಿ ಮಾಡಿ ಹೆಸರು ಬದಲಿಸಿದ್ದೆ. ಅದರಲ್ಲಿ 6 ಅಂತ ಇತ್ತು. ಬಿಟ್ಟೆ. ಸಹಿಯೂ ಹಾಕಿದೆ.

ಫ್ಯಾಕ್ಟರಿಯಲ್ಲಿ ಎಫ್‌ಎಟಿ (ಮಾಲು ಕಳಿಸುವ ಮುಂಚಿನ ಪರೀಕ್ಷೆ) ಸಲೀಸಾಗಿ ಪಾಸಾಯಿತು. ಯಾಕಾಗಬಾರದು? ಬೋರ್ಡ್ ಮೇಜಿನ ಮೇಲೆ ಅಂಗಾತ ಮಲಗಿತ್ತು, ನಾನು ಕುರ್ಚಿಯಲ್ಲಿ ಕೂತಿದ್ದೆ. ನನ್ನ ಕಣ್ಣು ಸರಿಯಾಗಿ 6 ಗಂಟೆ ಕಡೆ! ಅಂಕಿಗಳು ಕಾಡಿಗೆ ಬರೆದ ಹಾಗೆ ಕಪ್ಪಗೆ ಕಂಡವು. ಗುಣಮಟ್ಟ ನೋಡುವ ಕ್ಯೂಸಿಯವರು ಎದುರಿನಿಂದ ನೇರವಾಗಿ ಫೋಟೋ ತೆಗೆದರು. ಅದೂ ಚೆನ್ನಾಗಿತ್ತು.

ಕೋಲಾರದ ಕಡೆಯ ಒಂದು ಹಳ್ಳಿಯಲ್ಲಿ ಮೊದಲ ಬಾಕ್ಸ್. ಡಿಸೆಂಬರ್, ಬೆಳಗ್ಗೆ ಆರು ಗಂಟೆ, ಕೈ ಮರಗಟ್ಟುವ ಚಳಿ. ಬಾಕ್ಸ್ ಮೇಜಿನ ಮೇಲೆ, ಡಿಸ್ಪ್ಲೇ ನೆಟ್ಟಗೆ ಜನರ ಕಡೆಗೆ, ನೆಲದಿಂದ ಸುಮಾರು 3 ಅಡಿ ಎತ್ತರಕ್ಕೆ. ಮೊದಲು ಬಂದ ಅಜ್ಜಿ ಕ್ಯಾನ್ ಇಟ್ಟು ಬಗ್ಗಿ ನೋಡಿದರು. "ಏನೂ ಕಾಣಲ್ಲಪ್ಪ, ಬರೀ ಬೂದಿ ಬೂದಿ." ನಾನು ಹೋಗಿ ಅವರ ಜಾಗದಲ್ಲಿ ನಿಂತೆ. ನಿಜ. ಅಂಕಿಗಳು ಸೋಪಿನ ನೀರಲ್ಲಿ ತೊಳೆದ ಹಾಗೆ ಮಸುಕಾಗಿದ್ದವು.

ಅಲ್ಲಿ ನಾನು ಅರ್ಧ ನಿಮಿಷ ಯೋಚಿಸಿದ್ದರೆ ಸಾಕಿತ್ತು. 5 ಅಡಿ ಎತ್ತರದ ಕಣ್ಣು, 3 ಅಡಿ ಎತ್ತರದ ಡಿಸ್ಪ್ಲೇ, ನಡುವೆ 2 ಅಡಿ ದೂರ. ಅಂದರೆ 45 ಡಿಗ್ರಿ ಮೇಲಿಂದ ನೋಟ, ಪಕ್ಕಾ 12 ಗಂಟೆ ಕಡೆ. ನಾನು ಯೋಚಿಸಲಿಲ್ಲ. ಚಳಿಗೆ ಕಾಂಟ್ರಾಸ್ಟ್ ಇಳಿದಿದೆ ಅಂದುಕೊಂಡೆ. ಅದು ಅರ್ಧ ಸತ್ಯ ಬೇರೆ, ಅದಕ್ಕೇ ಅಷ್ಟು ಧೈರ್ಯ ಬಂದಿದ್ದು. ಲ್ಯಾಪ್‌ಟಾಪ್ ತೆಗೆದು ವಿಎಲ್‌ಸಿಡಿ, ಅಂದರೆ ಗ್ಲಾಸ್‌ಗೆ ಕೊಡುವ ವೋಲ್ಟೇಜ್, 3.0ಯಿಂದ 3.6ಕ್ಕೆ ಏರಿಸಿದೆ. ಅಜ್ಜಿಗೆ ಕಂಡಿತು. ಡೇರಿ ಕಾರ್ಯದರ್ಶಿ ಕಾಫಿ ಕೊಡಿಸಿದರು. ಬಾಸ್‌ಗೆ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದೆ.

ಸಂಜೆ ಐದೂವರೆ. ಹಗಲೆಲ್ಲ ಬಿಸಿಲಿಗೆ ಕಾದ ಶೀಟಿನ ಚಾವಣಿ, ಒಳಗೆ ಧಗೆ. ಸಾಲು ಬಾಗಿಲಿನಿಂದ ಆಚೆಗೂ ಇತ್ತು. ಮೆಟ್ಟಿಲ ಮೇಲೆ ಕೂತಿದ್ದ ಒಬ್ಬ ಹುಡುಗ ಕೂಗಿದ: "ಅಜ್ಜಿಗೆ ಫ್ಯಾಟ್ 8.8!"

ಸಾಲಿನಲ್ಲಿ ನಗು. ಎಮ್ಮೆ ಹಾಲಿಗೂ ಅಷ್ಟು ಬರುವುದು ಕಷ್ಟ, ಅಜ್ಜಿ ಕಟ್ಟಿದ್ದು ಸೀಮೆಹಸು. ಸ್ಲಿಪ್‌ನಲ್ಲಿ 3.6 ಅಂತ ಬಂತು. ನಗು ನಿಂತಿತು. "ಬೋರ್ಡಲ್ಲಿ ಒಂದು, ಚೀಟೀಲಿ ಒಂದಾ?" ಅಂತ ಹಿಂದಿನಿಂದ ಒಬ್ಬರು ಮುಂದೆ ಬಂದರು. ಮುಂದೆ ಬಂದು ನೋಡಿದರೆ ಅವರಿಗೂ 3.6 ಕಂಡಿತು. ಅದು ಇನ್ನೂ ಕೆಟ್ಟದಾಯಿತು. "ನಾನು ಬರೋ ಅಷ್ಟರಲ್ಲಿ ಬದಲಾಯಿಸಿದ್ರಿ." ಕಾರ್ಯದರ್ಶಿ ನನ್ನ ಮುಖ ನೋಡಿದರು. ನನ್ನ ಕೈಯಲ್ಲಿ ಕೇಬಲ್ ಸಮೇತ ಲ್ಯಾಪ್‌ಟಾಪ್ ಇತ್ತು. ಹೇಗೆ ಕಂಡಿರಬೇಡ ಹೇಳಿ! ಹಾಲಿನ ಲೆಕ್ಕದ ಮೆಷಿನ್‌ಗೆ ಬೆಂಗಳೂರಿನವನೊಬ್ಬ ವೈರ್ ಚುಚ್ಚಿಕೊಂಡು ನಿಂತಿದ್ದಾನೆ.

ಮುಂದಿನ ಹತ್ತು ನಿಮಿಷ ನಾನು ಸಾಲಿನ ಕೊನೆಗೆ ಹೋದೆ, ಮುಂದೆ ಬಂದೆ, ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತೆ. ಮೇಲಿಂದ 3.6. ಹತ್ತಡಿ ಹಿಂದಿನಿಂದ 3.6ರ ಹಿಂದೆ ಬೂದು ಬಣ್ಣದ 8.8. ಹುಡುಗನ ಪಕ್ಕ ಕೂತರೆ ಶುದ್ಧ 8.8. ಲೀಟರ್ ಜಾಗದಲ್ಲೂ 8.8. ಯಾರು ಏನೇ ತಂದರೂ 8.8. ಒಂದೊಂದು ಅಂಕಿಯಲ್ಲೂ ಏಳು ಪಟ್ಟಿ, ಅಂದರೆ ಸೆಗ್ಮೆಂಟ್; ಏಳೂ ಕಪ್ಪಾದರೆ 8. ಆಫ್ ಇರಬೇಕಾದ ಸೆಗ್ಮೆಂಟ್‌ಗಳೆಲ್ಲ ಕಪ್ಪಾಗಿದ್ದವು.

ಆಮೇಲೆ ಲೆಕ್ಕ ಹಾಕಿದ್ದು ಇದು. ನಮ್ಮದು 1/4 ಡ್ಯೂಟಿ, 1/3 ಬಯಾಸ್ ಗ್ಲಾಸ್, ಅಂದರೆ ನಾಲ್ಕು ಸೆಗ್ಮೆಂಟ್ ಒಂದೇ ಪಿನ್ ಹಂಚಿಕೊಂಡು ಸರದಿಯಲ್ಲಿ ನಡೆಯುತ್ತವೆ. ಇದರಲ್ಲಿ ಆಫ್ ಅಂದರೆ ಸೊನ್ನೆ ವೋಲ್ಟ್ ಅಲ್ಲ. ಆನ್ ಮತ್ತು ಆಫ್ ಆರ್‌ಎಂಎಸ್ (ಒಂದು ಥರದ ಸರಾಸರಿ ವೋಲ್ಟೇಜ್) ನಡುವೆ ಇರುವುದು 1.73 ಪಟ್ಟು ಅಂತರ ಮಾತ್ರ. 3.0 ವೋಲ್ಟ್‌ಗೆ ಆನ್ 1.73, ಆಫ್ 1.0. ನಾನು 3.6 ಮಾಡಿದಾಗ ಆನ್ 2.08 ಆಯಿತು, ಜೊತೆಗೆ ಆಫ್ ಕೂಡ 1.2ಕ್ಕೆ ಏರಿತು. ಬೆಳಗಿನ ಚಳಿಯಲ್ಲಿ ಅದು ಥ್ರೆಶೋಲ್ಡ್‌ನ, ಅಂದರೆ ಸೆಗ್ಮೆಂಟ್ ಕಪ್ಪಾಗಲು ಶುರುವಾಗುವ ವೋಲ್ಟೇಜ್‌ನ, ಕೆಳಗೇ ಇತ್ತು. ಬಿಸಿ ಏರಿದಂತೆ ಥ್ರೆಶೋಲ್ಡ್ ಇಳಿಯುತ್ತದೆ. ಸಂಜೆ ಹೊತ್ತಿಗೆ ಆಫ್ ಸೆಗ್ಮೆಂಟ್‌ಗಳೂ ಎದ್ದು ಕೂತವು. (ಹಳೆ ಬಾಕ್ಸ್‌ನಲ್ಲಿ ಜನರ ಕಡೆ ಎಲ್‌ಇಡಿ ಇದ್ದರೂ ಕಾರ್ಯದರ್ಶಿ ಕಡೆಗೆ ಒಂದು ಎಲ್‌ಸಿಡಿ ಇತ್ತು. ಅದಕ್ಕೆ ಪ್ರಿಸೆಟ್ ಇತ್ತು, ಅವರೇ ಸ್ಕ್ರೂಡ್ರೈವರ್‌ನಲ್ಲಿ ಬೇಸಿಗೆಗೊಂದು ಚಳಿಗಾಲಕ್ಕೊಂದು ತಿರುವಿಕೊಳ್ಳುತ್ತಿದ್ದರು. ಆ ಪುಡಿಗಾಸು ಉಳಿಸಿದ್ದು ಯಾರು ಅಂತ ಮೇಲೆ ಹೇಳಿದ್ದೇನೆ.)

ಕೋನದ ಕಥೆ ಇನ್ನೂ ಸ್ವಾರಸ್ಯ. ನಮ್ಮ ಥರದ ಟಿಎನ್ (ಟ್ವಿಸ್ಟೆಡ್ ನೆಮ್ಯಾಟಿಕ್) ಗ್ಲಾಸ್‌ನೊಳಗೆ ಲಿಕ್ವಿಡ್ ಕ್ರಿಸ್ಟಲ್ ಅಣುಗಳು ಕಡ್ಡಿಯ ಥರ ಉದ್ದ. ಗ್ಲಾಸ್ ಮಾಡುವಾಗ ಒಳಮೈಯನ್ನು ಬಟ್ಟೆಯಿಂದ ಒಂದು ದಿಕ್ಕಿಗೆ ಉಜ್ಜಿರುತ್ತಾರೆ. ಆ ಉಜ್ಜಿದ ದಿಕ್ಕಿನಿಂದಾಗಿ ವೋಲ್ಟೇಜ್ ಕೊಟ್ಟಾಗ ನಡುವಿನ ಅಣುಗಳೆಲ್ಲ ಒಂದೇ ಕಡೆ ಓರೆಯಾಗಿ ಏಳುತ್ತವೆ. ಒಂದು ಕಟ್ಟು ಊದುಬತ್ತಿ ಓರೆಯಾಗಿ ಹಿಡಿದು ನೋಡಿ. ತುದಿಯ ಕಡೆಯಿಂದ ನೋಡಿದರೆ ಬರೀ ಚುಕ್ಕಿಗಳು, ಅಡ್ಡದಿಂದ ನೋಡಿದರೆ ಪೂರ್ತಿ ಉದ್ದ. ತುದಿಯ ಕಡೆಯಿಂದ ನೋಡುವವರಿಗೆ ಅಣು ಬೆಳಕನ್ನು ತಿರುಗಿಸುವುದಿಲ್ಲ, ಗ್ಲಾಸ್‌ನ ಹಿಂದೆ ಮುಂದೆ ಇರುವ ಎರಡು ಪೋಲರೈಸರ್ (ಒಂದು ದಿಕ್ಕಿನ ಬೆಳಕನ್ನು ಮಾತ್ರ ಬಿಡುವ ಹಾಳೆ) ಸೇರಿ ಅದನ್ನು ತಡೆಯುತ್ತವೆ, ಕಪ್ಪಗೆ ಕಾಣುತ್ತದೆ. ಎದುರು ಬದಿಯವರಿಗೆ ಬೆಳಕು ಸೋರಿ ಮಸುಕಾಗುತ್ತದೆ. ವೋಲ್ಟೇಜ್ ಏರಿಸಿದರೆ ಕಡ್ಡಿ ಇನ್ನಷ್ಟು ನೆಟ್ಟಗಾಗಿ, ಚೆನ್ನಾಗಿ ಕಾಣುವ ಕೋನವೇ ಜರುಗುತ್ತದೆ. ಅಂದರೆ ನಾನು ಕಾಂಟ್ರಾಸ್ಟ್ ಏರಿಸಿರಲಿಲ್ಲ. ಹುಡುಗನ ಪಾಲಿನ ಅಂಕಿಯನ್ನು ಕಿತ್ತು ಅಜ್ಜಿಗೆ ಕೊಟ್ಟಿದ್ದೆ.

ಈಗಿನ ಫೋನ್‌ಗಳಲ್ಲಿ ಐಪಿಎಸ್, ಓಎಲ್‌ಇಡಿ ಅನ್ನುವ ಬೇರೆ ಥರದ ಡಿಸ್ಪ್ಲೇ. ಐಪಿಎಸ್‌ನಲ್ಲಿ ಅಣುಗಳು ಏಳುವುದೇ ಇಲ್ಲ, ಮಲಗಿದಲ್ಲೇ ತಿರುಗುತ್ತವೆ. ಅದಕ್ಕೇ ನಮಗೆ ಈ ಕೋನದ ಕಾಟ ಮರೆತೇ ಹೋಗಿದೆ. ನಮ್ಮ ಫ್ಯಾಕ್ಟರಿ ಪಕ್ಕದ ಜಾಲಹಳ್ಳಿಯಲ್ಲೇ 1991ರಲ್ಲಿ ಭೌತವಿಜ್ಞಾನಿ ಎಸ್. ಚಂದ್ರಶೇಖರ್ ಲಿಕ್ವಿಡ್ ಕ್ರಿಸ್ಟಲ್ ಸಂಶೋಧನೆಗೆ ಅಂತಲೇ ಒಂದು ಕೇಂದ್ರ ಕಟ್ಟಿದ್ದರು. ಆ ರಸ್ತೆಯಲ್ಲಿ ವರ್ಷಗಟ್ಟಲೆ ಬಸ್ಸಿನಲ್ಲಿ ಓಡಾಡಿದವನು ನಾನು. ಕಿಟಕಿ ಪಕ್ಕ ನಿದ್ದೆ ಮಾಡುತ್ತಾ.

ಆ ರಾತ್ರಿ ಡೇರಿಯಲ್ಲೇ ಕೂತು ಒಂದು ಬುದ್ಧಿವಂತಿಕೆ ಮಾಡಿದೆ. ಗ್ಲಾಸ್ ತಲೆಕೆಳಗೆ ಮಾಡಿದರೆ 6 ಗಂಟೆ 12 ಆಗುತ್ತದೆ ಅಲ್ವಾ? ತಿರುಗಿಸಿ ಬೆಸುಗೆ ಹಾಕಿ, ಫರ್ಮ್‌ವೇರ್‌ನಲ್ಲಿ ಸೆಗ್ಮೆಂಟ್ ಮ್ಯಾಪ್ ಬದಲಿಸಿದೆ. ಅಂಕಿಗಳು ಮುತ್ತಿನ ಹಾಗೆ ಬಂದವು. ದಶಾಂಶದ ಚುಕ್ಕಿ ಮಾತ್ರ ಮೇಲೆ ಹೋಗಿ ಕೂತಿತು. ಗ್ಲಾಸ್ ಮೇಲೆ ಅಚ್ಚಾದ "ಲೀಟರ್" ತಲೆಕೆಳಗಾಗಿ ನಗುತ್ತಿತ್ತು. ಮತ್ತೆ ಬಿಚ್ಚಿದೆ.

ಕೊನೆಗೆ ಕಾಪಾಡಿದ್ದು ಕಾರ್ಯದರ್ಶಿ. ಹೊರಗಿನಿಂದ ಅರ್ಧ ಇಟ್ಟಿಗೆ ತಂದು ಬಾಕ್ಸ್‌ನ ಮುಂದಿನ ಕಾಲಿಗೆ ಕೊಟ್ಟರು. ಮುಖ ಮೇಲಕ್ಕೆ ವಾಲಿತು. ನಾನು ವೋಲ್ಟೇಜ್ ಮತ್ತೆ 3.0ಗೆ ಇಳಿಸಿದೆ. ಬೆಳಗ್ಗೆ ಅಜ್ಜಿಗೂ ಕಂಡಿತು, ಹುಡುಗನಿಗೂ ಕಂಡಿತು.

ಆಫೀಸಿನಲ್ಲಿ ಇಸಿಎನ್ (ಡಿಸೈನ್ ಬದಲಿಸುವ ಕಾಗದ) ಪಾಸಾಗಲು ಎರಡು ತಿಂಗಳು ಹಿಡಿಯಿತು. ಸ್ಟೋರ್ಸ್‌ನಲ್ಲಿದ್ದ 6 ಗಂಟೆ ಗ್ಲಾಸ್‌ಗಳನ್ನು ಏನು ಮಾಡುವುದು ಅಂತ ಮೂರು ಮೀಟಿಂಗ್. ಅದೇ ಆರ್ಟ್‌ವರ್ಕ್‌ಗೆ ಉಜ್ಜುವ ದಿಕ್ಕು ಬದಲಿಸಿ 12 ಗಂಟೆ ಗ್ಲಾಸ್ ತರಿಸಿದೆವು. ಎನ್‌ಟಿಸಿ (ಬಿಸಿ ಅಳೆಯುವ ಪಾರ್ಟ್) ಹಾಕಿ ಬಿಸಿಗೆ ತಕ್ಕ ಹಾಗೆ ವೋಲ್ಟೇಜ್ ಇಳಿಸಿದೆವು. ಈ ಸಲ ನಾನು ಬೆಂಚ್ ಮೇಲೆ ಸುಮ್ನೆ ಕೂತು ಓಕೆ ಅನ್ನಲಿಲ್ಲ. ನಿಂತು, ಕುಕ್ಕರಿಸಿ, ಹತ್ತಡಿ ಹಿಂದೆ ಹೋಗಿ ನೋಡಿದೆ. ಎಚ್‌ಆರ್‌ನವರು ವ್ಯಾಯಾಮ ಅಂದುಕೊಂಡರು.

ಹೊಸ ಬಾಕ್ಸ್ ಹೋದ ವಾರ ಡೇರಿಯಿಂದ ಫೋನ್. "ಸಾರ್, ಇದೂ ಕಾಣಿಸ್ತಿಲ್ಲ. ಹಿಂದೆ ನಿಂತೋರಿಗೆ ಬರೀ ಬೂದಿ."

ಎದೆ ಧಸಕ್ಕೆಂದಿತು. ಆಮೇಲೆ ಹೊಳೆಯಿತು.

"ಇಟ್ಟಿಗೆ ತೆಗೆದ್ರಾ?"

"ಯಾಕೆ ತೆಗೀಲಿ? ನೀವೇ ಅಲ್ವಾ ಅದು ಇರಲೇಬೇಕು ಅಂದಿದ್ದು!"