ಎಲ್ವಾ: ಅಳಿವೆಯಿಂದ ಅಣೆಕಟ್ಟಿನ ಬುಡದವರೆಗೆ

ಸಿಯಾಟಲ್‌ನಿಂದ ಬೇನ್‌ಬ್ರಿಜ್ ದೋಣಿಯಲ್ಲಿ ಮೂವತ್ತೈದು ನಿಮಿಷ, ಆಮೇಲೆ ಪೋರ್ಟ್ ಏಂಜಲಿಸ್‌ವರೆಗೆ ಸುಮಾರು ಒಂದೂವರೆ ತಾಸಿನ ರಸ್ತೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಎಲ್ವಾ ನದಿಯಲ್ಲಿ ಎರಡು ಅಣೆಕಟ್ಟುಗಳನ್ನು ಒಡೆದು ಸಾಲ್ಮನ್ ಮೀನಿಗೆ ಮತ್ತೆ ದಾರಿ ಬಿಟ್ಟಿದ್ದಾರೆ. ಅದನ್ನು ನೋಡಲು ಬರುವವರು ನೇರವಾಗಿ ಅಣೆಕಟ್ಟಿದ್ದ ಜಾಗಕ್ಕೆ ಹೋಗುತ್ತಾರೆ. ಅದು ಉಲ್ಟಾ ದಾರಿ. ಸಾಲ್ಮನ್ ಮೊಟ್ಟೆಯಿಡಲು ಸಮುದ್ರದಿಂದ ಮೇಲಕ್ಕೆ ಬರುತ್ತದೆ, ನೋಡುವವರೂ ಅಳಿವೆಯಿಂದಲೇ ಹೊರಡಬೇಕು.

ಅಳಿವೆಯ ಪಡುವಣ ದಂಡೆಗೆ ಪ್ಲೇಸ್ ರೋಡ್ ಹಿಡಿದು ಇಳಿಯಬಹುದು. ಕಾಲಡಿ ಮರಳು, ಅಲ್ಲಲ್ಲಿ ಬಿದ್ದ ದಿಮ್ಮಿ. ಹಿಂದೆ ಇಲ್ಲಿದ್ದದ್ದು ಗುಂಡುಕಲ್ಲಿನ, ವರ್ಷವರ್ಷವೂ ಸವೆಯುವ ದಂಡೆ. 1913ರಲ್ಲಿ ಮುಗಿದ ಎಲ್ವಾ ಅಣೆಕಟ್ಟು, 1927ರ ಗ್ಲೈನ್ಸ್ ಕ್ಯಾನ್ಯನ್ ಅಣೆಕಟ್ಟು ಎರಡೂ ಮರಳನ್ನು ಮೇಲೇ ತಡೆದಿಟ್ಟಿದ್ದವು. ಅವನ್ನು ಒಡೆಯಲು ಶುರುಮಾಡಿದ ಮೊದಲ ಐದು ವರ್ಷಗಳಲ್ಲಿ ಸುಮಾರು ಎರಡು ಕೋಟಿ ಟನ್ ಹೂಳು ಕೊಚ್ಚಿಹೋಯಿತು. ಅದರಲ್ಲಿ ಬಹುಪಾಲು ಸಮುದ್ರ ಸೇರಿ, ಈ ದಂಡೆ ಬೆಳೆಯಿತು.

ಅಳಿವೆಯಿಂದ ತುಸು ಮೇಲೆ ನದಿಯೊಳಗೆ ಕಟ್ಟಿದ ದಿಮ್ಮಿಕಟ್ಟೆಗಳಿವೆ. ಲೋವರ್ ಎಲ್ವಾ ಕ್ಲಾಲಮ್ ಬುಡಕಟ್ಟಿನವರ ಕೆಲಸ ಇದು, ಅಣೆಕಟ್ಟು ಒಡೆಯುವ ಮೊದಲೇ ಶುರುವಾದದ್ದು. ದೂರದಿಂದ ನೆರೆ ತಂದ ಕಸದಂತೆ ಕಾಣುತ್ತವೆ. ಹತ್ತಿರದಿಂದ ನೋಡಿದರೆ ಬೇರುಬುಡಗಳು ಹರಿವಿಗೆ ಎದುರಾಗಿವೆ, ಕಾಂಡಗಳು ದಂಡೆಯ ಕಡೆಗೆ ಹೂತಿವೆ, ಅಡ್ಡಡ್ಡ ಪೇರಿಸಿದ ದಿಮ್ಮಿಗಳ ನಡುವೆ ಜಲ್ಲಿ ತುಂಬಿದೆ. ಆ ಜಲ್ಲಿಯ ಭಾರ ಕಡಿಮೆಯಾದರೆ ಮೊದಲ ನೆರೆಗೇ ಮರ ತೇಲಿಹೋಗುತ್ತದೆ. ದಂಡೆಯೊಳಗೆ ಸಾಕಷ್ಟು ಹೂಳದಿದ್ದರೆ ನೀರು ಹಿಂಬದಿಯಿಂದ ಕೊರೆದು, ಕಟ್ಟೆಯನ್ನು ನಡುನೀರಲ್ಲಿ ಬಿಟ್ಟು, ಬೇರೆ ದಾರಿ ಹಿಡಿಯುತ್ತದೆ. ಸರಿಯಾಗಿ ಕೂತ ಕಟ್ಟೆಯ ಮುಂದೆ ಸುಳಿ ಎದ್ದು ಮಡು ಕೊರೆಯುತ್ತದೆ, ಹಿಂದೆ ಹರಿವು ಸೋತು ಸಣ್ಣಜಲ್ಲಿ ನಿಲ್ಲುತ್ತದೆ. ಹೆಣ್ಣುಮೀನು ಬಾಲ ಬಡಿದು ಗುಂಡಿ ತೋಡಿ ಮೊಟ್ಟೆಯಿಡುವುದು ಅಂಥ ಜಲ್ಲಿಯಲ್ಲೇ. ಫುಟ್‌ಬಾಲ್ ಗಾತ್ರದ ಕಲ್ಲನ್ನು ಬಾಲದಿಂದ ಸರಿಸಲಾಗದು.

ಹಳೆಯ ಎಲ್ವಾ ಅಣೆಕಟ್ಟಿನ ಜಾಗಕ್ಕೆ ಲೋವರ್ ಡ್ಯಾಮ್ ರೋಡಿನಿಂದ ಸಣ್ಣ ಕಾಲುದಾರಿ ಇದೆ. ನೋಡಲು ಈಗ ಬಂಡೆ, ನೀರು ಅಷ್ಟೇ. 33 ಮೀಟರ್ ಎತ್ತರದ ಆ ಗೋಡೆ 1912ರಲ್ಲೇ ಒಮ್ಮೆ ಬುಡದಲ್ಲಿ ಒಡೆದಿತ್ತು, ಅಡಿಪಾಯ ಗಟ್ಟಿಬಂಡೆ ಮುಟ್ಟಿರಲಿಲ್ಲ. ಮೀನಿಗೆ ದಾರಿ ಬಿಡಬೇಕೆಂಬ ಕಾನೂನು ರಾಜ್ಯದಲ್ಲಿ ಆಗಲೇ ಇತ್ತು. ದಾರಿಯ ಬದಲು ಮೀನುಮರಿ ಕೇಂದ್ರ ಕಟ್ಟಿದರು, ಅದನ್ನೂ 1922ರಲ್ಲಿ ಕೈಬಿಟ್ಟರು.

ಮ್ಯಾಡಿಸನ್ ಫಾಲ್ಸ್ ಬಳಿ ವಾಹನ ನಿಲ್ಲಿಸಿ. ಮುಂದಿನ ರಸ್ತೆಯನ್ನು ನದಿಯೇ ತಿಂದುಹಾಕಿದೆ. ಕೊಚ್ಚಿಹೋದ ಕಡೆ ಕಾಡಿನ ಬಳಸುದಾರಿ ಹಿಡಿದು, ಗ್ಲೈನ್ಸ್ ಕ್ಯಾನ್ಯನ್‌ವರೆಗೆ ಒಟ್ಟು ಸುಮಾರು ಆರು ಕಿ.ಮೀ. ನಡಿಗೆ. ನೀರು, ಮಳೆಯಂಗಿ ಜೊತೆಗಿರಲಿ. ಬಿಡುಗಡೆಯಾದ ನದಿ ರಸ್ತೆಯನ್ನೂ ಕೇಳುತ್ತದೆ ಅಂತ ಇಲ್ಲಿ ಯಾರೂ ಲೆಕ್ಕ ಹಾಕಿರಲಿಲ್ಲವೇನೋ.

ಗ್ಲೈನ್ಸ್‌ನಲ್ಲಿ 64 ಮೀಟರ್ ಗೋಡೆಯ ಎರಡು ತುದಿಗಳನ್ನು ಹಾಗೇ ಬಿಟ್ಟಿದ್ದಾರೆ, ಅದರ ಮೇಲೆ ನಿಂತು ಕಣಿವೆ ನೋಡಬಹುದು. 2011ರ ಸೆಪ್ಟೆಂಬರ್‌ನಲ್ಲಿ ತೆಪ್ಪದ ಮೇಲೆ ಕೂತ ಯಂತ್ರದ ಸುತ್ತಿಗೆಯಿಂದ ಕೊಚ್ಚಲು ಶುರುಮಾಡಿ, ಕೆಳಗಿನದನ್ನು ಸಿಡಿಸಿ, 2014ರ ಆಗಸ್ಟ್‌ಗೆ ಮುಗಿಸಿದರು. ಇಷ್ಟು ನಿಧಾನವೇಕೆ? ಒಂದೇ ಸಲ ಒಡೆದಿದ್ದರೆ ಹೂಳೆಲ್ಲ ಒಮ್ಮೆಲೇ ನುಗ್ಗುತ್ತಿತ್ತು. ನೀರನ್ನು ಸ್ವಲ್ಪ ಇಳಿಸಿ ನಿಲ್ಲಿಸಿ, ನದಿಗೇ ಹೂಳನ್ನು ಕೊರೆದು ಹರಡಲು ಬಿಟ್ಟು, ಮತ್ತೆ ಇಳಿಸಿದರು. ಮೀನು ಏರುವ ತಿಂಗಳಲ್ಲಿ ಕೆಲಸ ನಿಂತಿತು. ಅಷ್ಟಾದರೂ ಕೆಳಗಿನ ನೀರು ಶುದ್ಧೀಕರಣ ಘಟಕದ ಜಾಲರಿಗೆ ಕಸಕಡ್ಡಿ ಸಿಕ್ಕಿ, ಒಡೆಯುವ ಕೆಲಸ ಸುಮಾರು ಒಂದು ವರ್ಷ ತಡವಾಯಿತು. ಗೋಡೆ ಹೋದ ಮೇಲೂ ಕಣಿವೆಯಲ್ಲಿ ಬಿದ್ದಿದ್ದ ಬಂಡೆಗಳು ಮೀನಿಗೆ ಅಡ್ಡವಾದವು. ಅವನ್ನೂ ಸಿಡಿಸಬೇಕಾಯಿತು.

ಮೇಲ್ಗಡೆ ಕಾಣುವುದು ಈ ಅಣೆಕಟ್ಟಿನ ಹಿಂದೆ ನಿಂತಿದ್ದ, ಈಗ ಬರಿದಾದ ಮಿಲ್ಸ್ ಕೆರೆಯ ತಳ. ನಯವಾದ ಹೂಳು ಇದ್ದ ಕಡೆ ತೇವ ನಿಂತು ಆಲ್ಡರ್, ವಿಲ್ಲೋ ಗಿಡಗಳು ದಟ್ಟವಾಗಿವೆ. ಒರಟು ಜಲ್ಲಿಯ ದಿಬ್ಬಗಳಲ್ಲಿ ಬೇಸಿಗೆಯಲ್ಲಿ ಸಸಿ ಸುಟ್ಟುಹೋಗುತ್ತದೆ. ಅಲ್ಲಿ ಲೂಪಿನ್ ಬಿತ್ತಿದರು. ಅದು ನಮ್ಮ ಹೆಸರುಕಾಳು, ಉದ್ದಿನ ಜಾತಿಯದೇ ಗಿಡ, ಬೇರಿನ ಗಂಟಿನಲ್ಲಿ ಸಾರಜನಕ ಹಿಡಿದು ನೆಲ ಹದಮಾಡುತ್ತದೆ.

ಸಾಲ್ಮನ್‌ನಲ್ಲೇ ಚಿನೂಕ್ ಜಾತಿ ನೋಡಲು ಸೆಪ್ಟೆಂಬರ್, ಕೋಹೋಗೆ ಅಕ್ಟೋಬರ್ ನಂತರ ಬನ್ನಿ. ಹಿಂದಿರುಗುವಾಗ ನದಿಗಿಳಿದರೆ ಕಾಲಿಡುವ ಮೊದಲು ತಳ ನೋಡಿ. ಸುತ್ತಲಿನ ಪಾಚಿಗಟ್ಟಿದ ಕಲ್ಲಿನ ನಡುವೆ ಮಂಚದಷ್ಟಗಲ ತಿಳಿಬಣ್ಣದ, ತೊಳೆದಿಟ್ಟಂಥ ಜಲ್ಲಿ ಕಂಡರೆ ಸುತ್ತಿಕೊಂಡು ಹೋಗಿ. ಅದರಡಿಯಲ್ಲಿ ಮೊಟ್ಟೆಗಳಿರುತ್ತವೆ.