ಬಂಗುಡೆ ಬೆನ್ನಿನ ಐದು ಪುಟ್ಟ ರೆಕ್ಕೆ

ಕುಂದಾಪುರ ಕಡೆಯ ಕಡಲ ಬದಿಯಲ್ಲೊಂದು ಅಂಗನವಾಡಿ. ಗೋಡೆಯ ಮೇಲೆ ತಿಮಿಂಗಿಲ, ಡಾಲ್ಫಿನ್, ಆಕ್ಟೋಪಸ್ ಇರುವ ಚಾರ್ಟು. ಕೆಳಗೆ ಚಾಪೆಯ ಮೇಲೆ ನೀಲಿ ಬಟ್ಟೆ, ಸ್ಟೀಲಿನ ತಟ್ಟೆ, ತಟ್ಟೆಯಲ್ಲಿ ಎರಡು ಬಂಗುಡೆ ಮೀನು. ಹದಿನಾರು ಮಕ್ಕಳಲ್ಲಿ ಒಬ್ಬರೂ ಚಾರ್ಟಿನ ಕಡೆ ತಿರುಗಲಿಲ್ಲ.

"ಟೀಚರೆ, ಇದ್ ಬಂಗ್ಡಿ ಅಲ್ದಾ? ನಮ್ಮನೀಲ್ ನಿನ್ನೆ ಇದ್ರದ್ದೇ ಸಾರ್!"

ಕರಾವಳಿಯ ಮಗುವಿಗೆ ಕಡಲು ಮೊದಲು ಪರಿಚಯವಾಗುವುದು ಬುಟ್ಟಿಯಲ್ಲಿ, ಆಮೇಲೆ ತಟ್ಟೆಯಲ್ಲಿ. ಪಾಠವೂ ಅಲ್ಲಿಂದಲೇ ಹೊರಡಲಿ; ತಿಮಿಂಗಿಲಕ್ಕೆ ಅವಸರವಿಲ್ಲ.

ಮೀನು ತರುವಾಗಲೇ ಕಿವಿರು ಎತ್ತಿ ನೋಡಬೇಕು. ಕೆಂಪಗಿರಬೇಕು, ಕಣ್ಣು ತಿಳಿಯಾಗಿ ಉಬ್ಬಿರಬೇಕು. ಮಾಸಲಾಗಿದ್ದರೆ ವಾಸನೆ ಬರುತ್ತದೆ, ಮಕ್ಕಳು ಮೂಗು ಮುಚ್ಚಿಕೊಂಡರೆ ಅಲ್ಲಿಗೆ ಪಾಠ ಮುಗಿಯಿತು. ತಂದದ್ದನ್ನು ಐಸಿನಲ್ಲಿಟ್ಟು, ಮಕ್ಕಳು ಕೂತ ಮೇಲೆಯೇ ಹೊರತೆಗೆಯಬೇಕು. ಹೊರಗಿರುವುದು ಅರ್ಧ ಗಂಟೆ ಸಾಕು. ಮುಟ್ಟಲು ಒಂದು ಸಲಕ್ಕೆ ನಾಲ್ವರು. ಯಾರಿಗಾದರೂ ಮೀನು, ಸಿಗಡಿ ಒಗ್ಗುವುದಿಲ್ಲವೇ ಎಂದು ಹಿಂದಿನ ದಿನವೇ ತಾಯಂದಿರನ್ನು ಕೇಳಿಟ್ಟುಕೊಂಡಿರಬೇಕು. ಹೊಟ್ಟೆ ಸೀಳುವುದು ಈ ವಯಸ್ಸಿಗೆ ಬೇಡ. ಹೊರಗೆ ನೋಡುವುದೇ ಬೇಕಾದಷ್ಟಿದೆ.

ತಲೆಯಿಂದ ಬಾಲದ ಕಡೆ ಬೆರಳಾಡಿಸಿದರೆ ನುಣುಪು. ತಿರುಗಿ ಸವರಿದರೆ ತುಸು ತಡೆಯುತ್ತದೆ. ಇನ್ನು ಬಾಲದ ಬುಡ. ಎರಡನೇ ಬೆನ್ನುರೆಕ್ಕೆ ಮುಗಿದಲ್ಲಿಂದ ಬಾಲದವರೆಗೆ ಅಕ್ಕಿಕಾಳಿನಷ್ಟು ಪುಟ್ಟ ರೆಕ್ಕೆಗಳು ಸಾಲಾಗಿವೆ. ಮೇಲೆ ಐದು, ಕೆಳಗೆ ಐದು. ಅಂಟಿಕೊಂಡಿದ್ದರೆ ಒಂದು ಹನಿ ನೀರು ಬಿಟ್ಟು ಬೆಂಕಿಕಡ್ಡಿಯಿಂದ ಬಿಡಿಸಬೇಕು. ಮೊದಲ ಗುಂಪಿನವರು ಆರು ಎಂದರು. ದೊಡ್ಡ ರೆಕ್ಕೆಯನ್ನೂ ಲೆಕ್ಕಕ್ಕೆ ಸೇರಿಸಿಕೊಂಡಿದ್ದರು. ತಪ್ಪು ಎನ್ನುವ ಬದಲು ಆ ರೆಕ್ಕೆಯ ಮೇಲೆ ಬೆರಳಿಟ್ಟು ಇನ್ನೊಮ್ಮೆ ಎಣಿಸಲು ಹೇಳಿದರೆ ಸಾಕಾಯಿತು.

ಬಾಯಿ ತೆರೆದು ತೋರಿಸುವುದು ದೊಡ್ಡವರ ಕೆಲಸ. ಚಮಚದ ಹಿಡಿಯಿಂದ ಕೆಳದವಡೆ ಒತ್ತಿದರೆ ಒಳಗೆ ಹಕ್ಕಿಗರಿಯಂಥ ಎಳೆಗಳು ಕಾಣುತ್ತವೆ. ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ಬಂಗುಡೆ ಸೋಸಿ ತಿನ್ನುವುದು ಇದರಿಂದಲೇ. ಬಾಯಲ್ಲಿ ಹೇಳಿದರೆ ಮಕ್ಕಳಿಗೆ ತಲೆಗೆ ಹತ್ತುವುದಿಲ್ಲ. ಒಂದು ಲೋಟ ನೀರಿಗೆ ಒಂದು ಚಮಚ ಎಳ್ಳು ಹಾಕಿ, ಕಲಕಿ, ಚಹಾ ಸೋಸುವ ಜಾಲರಿಗೆ ಅವರಿಂದಲೇ ಸುರಿಸಬೇಕು. ಬೆನ್ನಿನ ಬಣ್ಣಕ್ಕೂ ಮಾತು ಬೇಡ. ನೀಲಿ ಬಟ್ಟೆಯ ಮೇಲಿಟ್ಟು ಮೇಲಿನಿಂದ ನೋಡಿದರೆ ಹಸಿರುನೀಲಿ ಬೆನ್ನು ಬಟ್ಟೆಯಲ್ಲಿ ಬೆರೆತುಹೋಗುತ್ತದೆ. ಕಿಟಕಿ ಬೆಳಕಿಗೆ ಎತ್ತಿ ಹಿಡಿದು ಕೆಳಗಿನಿಂದ ನೋಡಿದರೆ ಹೊಟ್ಟೆ ಬಿಳಿ.

"ಸುಮ್ನೆ ಹಾಳ್ ಮಾಡುದ್ ಎಂತಕೆ, ಸಾರ್ ಮಾಡ್ಲಕ್ಕಲ್ದಾ?" ಎಂದರು ಸಹಾಯಕಿ. ಬೇಡವೇ ಬೇಡ. ಬಂಗುಡೆ ಬೆಚ್ಚಗೆ ಇದ್ದಷ್ಟೂ ಅದರಲ್ಲಿ ಹಿಸ್ಟಮಿನ್ ಎಂಬ ಅಲರ್ಜಿಯಂಥ ತೊಂದರೆ ತರುವ ವಸ್ತು ಹೆಚ್ಚುತ್ತದೆ, ಕುದಿಸಿದರೂ ಹೋಗುವುದಿಲ್ಲ. ತಿಂದವರಿಗೆ ಮೈ ಕೆಂಪಾಗಿ ತುರಿಕೆ ಏಳಬಹುದು. ಮೀನನ್ನು ಹಿತ್ತಲಿನ ತೆಂಗಿನ ಬುಡದಲ್ಲಿ ಹೂತು, ಮಕ್ಕಳ ಕೈಯನ್ನು ಸಾಬೂನಿನಿಂದ ತೊಳೆಸಿ, ಆಮೇಲೆ ನಿಂಬೆ ಸಿಪ್ಪೆ ಉಜ್ಜಿಸಬೇಕು.

ಮಧ್ಯಾಹ್ನದ ಮೊದಲು ಮೊಟ್ಟೆಯ ಸರದಿ. ಉಪ್ಪುನೀರಿನಲ್ಲಿ ಮೊಟ್ಟೆ ತೇಲಿಸುವುದು ಎಲ್ಲರಿಗೂ ಗೊತ್ತು. ಆದರೆ "ಕಡಲ ನೀರಲ್ಲಿ ತೇಲುತ್ತದೆ" ಎಂದು ಹೇಳಿಕೊಡುವುದು ತಪ್ಪು. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಅಂದರೆ ಎರಡು ದೊಡ್ಡ ಚಮಚ. ಅಷ್ಟರಲ್ಲಿ ತಾಜಾ ಮೊಟ್ಟೆ ತಳ ಬಿಟ್ಟು ಏಳುವುದಿಲ್ಲ. ತೇಲಲು ಲೀಟರಿಗೆ 100ರಿಂದ 150 ಗ್ರಾಂ ಬೇಕು. ಹಾಗಾಗಿ ಎರಡು ಚಮಚ ಹಾಕಿ ನಿಲ್ಲಿಸಿ, ಮುಳುಗಿದ್ದನ್ನು ಮೊದಲು ನೋಡಿಸಿ, ಆಮೇಲೆ ಒಂದೊಂದೇ ಚಮಚ ಸೇರಿಸುತ್ತ ಹೋಗಬೇಕು. ಪ್ರತಿ ಸಲ ಮೊಟ್ಟೆ ಹೊರಗೆ ತೆಗೆದೇ ಕಲಕಬೇಕು. ಅವತ್ತು ಮರೆತದ್ದಕ್ಕೆ ಒಂದು ಒಡೆದು ಇಡೀ ಜಾರು ಕದಡಿತು. ಕಲ್ಲುಪ್ಪಾದರೆ ಬಿಸಿನೀರಿನಲ್ಲಿ ಮೊದಲೇ ಕರಗಿಸಿ ಆರಿಸಿಟ್ಟುಕೊಳ್ಳಿ, ಇಲ್ಲವಾದರೆ ತಳದಲ್ಲೇ ಕೂತಿರುತ್ತದೆ. ಮೊಟ್ಟೆ ಹಳತಾಗಿದ್ದರೆ ಬರೀ ನೀರಿನಲ್ಲೇ ತೇಲಿ ಮಾನ ಕಳೆಯುತ್ತದೆ. ಒಳಗೆ ಗಾಳಿ ಸೇರಿರುತ್ತದೆ. ಮೊದಲೇ ಪರೀಕ್ಷಿಸಿಟ್ಟರೆ ಒಳ್ಳೆಯದು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ತಾಜಾ ಬಂಗುಡೆ ಸಿಗುವುದು ಕಷ್ಟ. ಆಗ ಚಿಪ್ಪುಗಳ ಕಾಲ. ಆರಿಸಿದ ಚಿಪ್ಪನ್ನು ಮೊದಲು ಕಡಲ ನೀರಿನ ಬಕೆಟ್ಟಿನಲ್ಲಿ ಹತ್ತು ನಿಮಿಷ ಇಟ್ಟು ನೋಡಬೇಕು. ಒಳಗಿನಿಂದ ಸನ್ಯಾಸಿ ಏಡಿಯ ಕಾಲು ಹೊರಬಂದರೆ ಸೀದಾ ಕಡಲಿಗೆ. ಖಾಲಿ ಇದ್ದವನ್ನು ತಣ್ಣೀರಿನಲ್ಲಿ ಹಾಕಿ ಒಲೆ ಹಚ್ಚಿ. ಕುದಿವ ನೀರಿಗೆ ಒಮ್ಮೆಲೇ ಹಾಕಿದರೆ ಬಿರುಕು ಬಿಡುತ್ತವೆ. ಕವಡೆ ಕುದಿಸಿದರೆ ಹೊಳಪು ಹೋಗುತ್ತದೆ, ತೊಳೆದರೆ ಸಾಕು. ಮೂರು ವರ್ಷದವರ ಕೈಗೆ ನಾಲ್ಕು ಸೆಂಟಿಮೀಟರಿಗಿಂತ ಚಿಕ್ಕದು ಬೇಡ, ಬಾಯಿಗೆ ಹೋಗುತ್ತದೆ. ಒಡೆದ ಚೂರಿನ ಮೇಲೆ ನಿಂಬೆರಸ ಹಿಂಡಿದರೆ ಗುಳ್ಳೆ ಏಳುತ್ತದೆ. ಅಜ್ಜಿಯ ಎಲೆಯಡಿಕೆಯ ಸುಣ್ಣ ಇಂಥ ಚಿಪ್ಪು ಸುಟ್ಟೇ ಮಾಡಿದ್ದು ಎಂದರೆ ನಂಬದೆ ನಗುತ್ತಾರೆ.

ಮನೆಗೆ ಹೊರಡುವ ಹೊತ್ತು, ಬಂಗ್ಡಿ ಸಾರಿನ ಹುಡುಗಿ ಬೆಂಚು ಹತ್ತಿ ಚಾರ್ಟಿನ ಡಾಲ್ಫಿನ್ ಬೆನ್ನ ಮೇಲೆ ಬೆರಳಿಟ್ಟು ಎಣಿಸುತ್ತಿದ್ದಳು. ಒಂದೇ ಸಿಕ್ಕಿತು.