ಬೆಂಡೆಕಾಯಿ ಸೂಪು, ಕಟಾಬಾ ಮಡಿಕೆ

ಅಮೆರಿಕದ ಉತ್ತರ ಕೆರೊಲಿನಾದ ಶಾರ್ಲೆಟ್‌ಗೆ ಬಂದು ಆರು ವರ್ಷ ಆಯ್ತು. ನಲ್ಲಿಯಲ್ಲಿ ಬರೋದು ಕಟಾಬಾ ಹೊಳೆಯ ನೀರೇ. ಆದರೆ ಆ ಹೆಸರಿನ ಮೂಲನಿವಾಸಿ ಬುಡಕಟ್ಟಿನ ಜನರನ್ನು ನೋಡಿದ್ದು ಹೋದ ತಿಂಗಳಷ್ಟೇ. ಸ್ವಲ್ಪ ನಾಚಿಕೆ ಆಯ್ತು ಅನ್ನಿ.

ಗಡಿ ದಾಟಿ ದಕ್ಷಿಣ ಕೆರೊಲಿನಾದ ರಾಕ್ ಹಿಲ್‌ಗೆ ಹೋದರೆ ಅಲ್ಲೇ ಪಕ್ಕದಲ್ಲಿ ಅವರ ಊರು. ತಮ್ಮನ್ನು ತಾವು ಅವರು ಕರೆದುಕೊಳ್ಳೋದು ಹೊಳೆಯ ಜನ ಅಂತ. ಹೊಳೆಗೆ ಅವರ ಮಾತಲ್ಲಿ ‘ಇಸ್ವಾ’. 1840ರ ಒಪ್ಪಂದದಲ್ಲಿ ಹೆಚ್ಚುಕಡಿಮೆ ಎಲ್ಲ ಜಮೀನೂ ಹೋಯ್ತು. 1959ರಲ್ಲಿ ಅಮೆರಿಕದ ಸಂಸತ್ತು ಬುಡಕಟ್ಟಿನ ಮಾನ್ಯತೆ ಕೊನೆಗೊಳಿಸುವ ಕಾಯ್ದೆಯನ್ನೇ ತಂದಿತು, ಅದು ಮತ್ತೆ ಸಿಕ್ಕಿದ್ದು 1993ರಲ್ಲಿ. ಅಷ್ಟರೊಳಗೆ ಅವರ ಭಾಷೆಯನ್ನು ಮನೆಮಾತಾಗಿ ಆಡುವವರು ಇಲ್ಲವಾಗಿ, ಈಗ ಮಕ್ಕಳು ಅದನ್ನು ಹಳೆಯ ದಾಖಲೆಗಳಿಂದ ಕಲಿಯಬೇಕಾಗಿದೆ. 1934ರಲ್ಲಿ ಫ್ರ್ಯಾಂಕ್ ಸ್ಪೆಕ್ ಎಂಬ ವಿದ್ವಾಂಸ ಅಲ್ಲಿನ ಹಿರಿಯರ ಕಥೆಗಳನ್ನು ಅವರ ಮಾತಲ್ಲೇ ಅಚ್ಚು ಹಾಕಿಸಿದ್ದ, ಸದ್ಯ.

ಮಡಿಕೆ ಮಾಡೋದು ಮಾತ್ರ ಯಾವ ತಲೆಮಾರಲ್ಲೂ ನಿಂತಿಲ್ಲ. ಚಕ್ರ ಇಲ್ಲ. ಹೊಳೆದಂಡೆಯ ಜೇಡಿಮಣ್ಣನ್ನು ನಾವು ಕೋಡುಬಳೆಗೆ ಹೊಸೀತೀವಲ್ಲ, ಹಾಗೇ ಉದ್ದಕ್ಕೆ ಹೊಸೆದು, ಸುತ್ತಿನ ಮೇಲೆ ಸುತ್ತು ಏರಿಸಿ, ಬೆರಳಲ್ಲಿ ಒತ್ತಿ ಬೆಸೀತಾರೆ. ಒಣಗಿದ ಮೇಲೆ ನುಣುಪು ಕಲ್ಲಲ್ಲಿ ತಿಕ್ಕೋದು. ಬಣ್ಣ ಬಳಿಯಲ್ಲ, ಹೊಳಪೆಲ್ಲ ಆ ತಿಕ್ಕಿನದೇ. ಈಗ ಕೆಲವರು ಮೊದಲು ಅಡುಗೆಮನೆಯ ಓವನ್‌ನಲ್ಲಿ ಕಾಯಿಸಿ, ಆಮೇಲೆ ಸೌದೆ ಬೆಂಕಿಗೆ ಹಾಕ್ತಾರಂತೆ. ಮಡಿಕೆ ತೋರಿಸುತ್ತಿದ್ದ ಹಿರಿಯಾಕೆ ತಮ್ಮ ಅಜ್ಜಿಯ ಕಾಲದ ಕಲ್ಲನ್ನು ನನ್ನ ಕೈಗೆ ಕೊಟ್ಟರು. ನೇರಳೆಹಣ್ಣಿಗಿಂತ ಸ್ವಲ್ಪ ದೊಡ್ಡದು, ಒಂದು ಬದಿ ಸವೆದು ಚಪ್ಪಟೆಯಾಗಿದೆ. ಕೊಟ್ಟರು ನಿಜ, ಆದರೆ ವಾಪಸ್ ತಗೊಳ್ಳೋವರೆಗೂ ಅವರ ಕಣ್ಣು ಅದರ ಮೇಲೇ ಇತ್ತು!

ಊಟದ ಮಾತು ಬಂತು. ಮುಸುಕಿನ ಜೋಳ, ಬೀನ್ಸು, ಕುಂಬಳ ಮೂರೂ ಒಟ್ಟಿಗೇ ಬೆಳೆಯೋದು ಅವರ ಹಳೆಯ ಪದ್ಧತಿ. ಜೋಳದ ದಂಟಿಗೆ ಬೀನ್ಸು ಹಬ್ಬುತ್ತೆ, ಕುಂಬಳದ ಎಲೆ ನೆಲಕ್ಕೆ ನೆರಳು. ನಮ್ಮ ರಾಗಿ ಹೊಲದ ಅಕ್ಕಡಿ ಸಾಲು ನೆನಪಾಯ್ತು, ಹೇಳೋಣ ಅಂದರೆ ‘ಅಕ್ಕಡಿ’ಗೆ ಇಂಗ್ಲಿಷ್ ಹೊಳೆಯಲೇ ಇಲ್ಲ.

ಹಿಂದೆ ಇವರು ಮಡಿಕೆ ಮಾರುತ್ತಾ ಸಮುದ್ರದಂಡೆಯ ಚಾರ್ಲ್ಸ್‌ಟನ್‌ವರೆಗೂ ಹೋಗುತ್ತಿದ್ದರು. ಬೆಂಡೆಕಾಯಿ ಸೂಪು ಇವರ ಮಡಿಕೆಯಲ್ಲಿ ಮಾಡಿದರೇ ರುಚಿ ಅಂತ ಅಲ್ಲಿನ ಹೆಂಗಸರು ನಂಬಿದ್ದರಂತೆ. ನಾನೂ ಅಂಗೈಯಗಲದ ಒಂದು ಕುಡಿಕೆ ತಂದೆ. ಬೆಂಕಿ ತಾಕಿದ ಕಡೆ ಕಪ್ಪು, ಉಳಿದದ್ದು ಕಂದು. ವಿಡಿಯೋ ಕಾಲ್‌ನಲ್ಲಿ ತೋರಿಸಿ ಬೆಲೆ ಹೇಳಿದ್ದಕ್ಕೆ ಅಮ್ಮ ಒಂದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ ಕೇಳಿದಳು: “ಅಷ್ಟು ಕೊಟ್ಟಿದೀಯ, ಬೆಂಡೆಕಾಯಿ ಗೊಜ್ಜಾದರೂ ಮಾಡಿದ್ಯಾ ಅದರಲ್ಲಿ?”